ಬೋನಿಡದ ಬೊಹ್ದಾನ್

ಬೊಹ್ದಾನ್ ಸಾವ್ಕಾ ಒಂದು ಕಡೆ ಸುಮ್ಮನೆ ಕೂತದ್ದನ್ನು ಮೂವತ್ತೊಂದು ವರ್ಷದಲ್ಲಿ ನಾನು ಎರಡೇ ಸಲ ನೋಡಿದ್ದೇನೆ. ಒಂದು, ನನ್ನ ಗಂಡ ತೀರಿಕೊಂಡ ದಿನ. ಎರಡನೆಯದನ್ನು ಹೇಳುವುದಕ್ಕೇ ಇಷ್ಟೆಲ್ಲ ಬರೆಯುತ್ತಿದ್ದೇನೆ.

ಅವನದು ನಿಂತಲ್ಲಿ ನಿಲ್ಲದ ಜೀವ. ಪಕ್ಕದ ಮನೆಯವನಲ್ಲವೇ ಎಂದು ಕರೆದು ಕಾಫಿ ಕೊಟ್ಟರೆ ಲೋಟ ಹಿಡಿದುಕೊಂಡು ನನ್ನ ಅಡುಗೆಮನೆಯ ತುಂಬ ಓಡಾಡುತ್ತಾನೆ, ಹೋಗುತ್ತ ಬರುತ್ತ ಕಪಾಟಿನ ತಿರುಪು ಬಿಗಿ ಮಾಡುತ್ತಾನೆ, ನಲ್ಲಿ ತಿರುಗಿಸಿ ನೋಡುತ್ತಾನೆ. ಶಾಲಾ ಬಸ್ಸು ಓಡಿಸಿ ನಿವೃತ್ತಳಾದ ನನಗೆ ಮಕ್ಕಳ ಗಲಾಟೆ ಅಭ್ಯಾಸವಿದೆ. ಆದರೆ ಈ ಒಬ್ಬ ಮುದುಕನನ್ನು ನೋಡುತ್ತ ಕೂತರೆ ನನಗೇ ಆಯಾಸವಾಗುತ್ತದೆ. ಹ್ಯಾಮಿಲ್ಟನ್ನಿನ ಉಕ್ಕಿನ ಕಾರ್ಖಾನೆಯಲ್ಲಿ ಮೂವತ್ತಾರು ವರ್ಷ ಕುಲುಮೆಯ ಮುಂದೆ ದುಡಿದವನು. ಕೆಲಸ ಬಿಟ್ಟ ಮರುದಿನದಿಂದಲೇ ಕೈಕಾಲು ಏನು ಮಾಡಬೇಕೆಂದು ತಿಳಿಯದೆ ಒದ್ದಾಡಿದ. ಆಗ ಅವನು ಹಿಡಿದ ಕೆಲಸ, ಜನರ ಅಟ್ಟ ಸೇರಿದ ಅಳಿಲುಗಳನ್ನು ಹೊರಗೆ ಕಳಿಸುವುದು.

ನಮ್ಮ ಕಡೆಯ ಅಳಿಲೆಂದರೆ ಅಂಗೈಯಲ್ಲಿ ಹಿಡಿಸುವಂಥದ್ದಲ್ಲ. ಕಪ್ಪಗೆ, ದಪ್ಪಗೆ, ಪೊದೆಯಂಥ ಬಾಲ ಎತ್ತಿಕೊಂಡು ಬೀದಿಯೇ ತನ್ನದೆಂಬಂತೆ ಓಡಾಡುತ್ತದೆ. ನೂರು ವರ್ಷದ ಮರದ ಸೂರುಗಳು ಅದರ ಹಲ್ಲಿಗೆ ಯಾವ ಲೆಕ್ಕ. ಒಮ್ಮೆ ಒಳಗೆ ಸೇರಿತೆಂದರೆ ಬೆಳಕು ಹರಿಯುವ ಮೊದಲೇ ತಲೆಯ ಮೇಲೆ ಕುಸ್ತಿ ಶುರು. ಅದನ್ನು ಬೋನಿಟ್ಟು ಹಿಡಿದುಕೊಂಡು ಹೋಗುವ ಜನ ಬೇಕಾದಷ್ಟಿದ್ದಾರೆ. ಬೊಹ್ದಾನ್ ಮಾತ್ರ ಬೋನು ಮುಟ್ಟುವುದಿಲ್ಲ. ಅದಕ್ಕೇ ಬೀದಿಯಲ್ಲಿ ಅವನಿಗೆ ಈ ಹೆಸರು ಬಂದದ್ದು.

ಅವನ ಕ್ರಮ ಇಷ್ಟು. ತೂತು ಸಿಕ್ಕ ಕೂಡಲೇ ಮುಚ್ಚುವುದಿಲ್ಲ. ಹಳೆಯ ಪತ್ರಿಕೆಯನ್ನು ಉಂಡೆ ಮಾಡಿ ಸಡಿಲವಾಗಿ ತುರುಕಿ ಎರಡು ದಿನ ಬಿಡುತ್ತಾನೆ. ಕಾಗದ ಹಾಗೇ ಇದ್ದರೆ ಒಳಗೆ ಯಾರೂ ಇಲ್ಲ, ತಗಡು ಹೊಡೆಯಬಹುದು. ಕಾಗದ ಕಿತ್ತುಹೋಗಿದ್ದರೆ ಬಾಡಿಗೆದಾರರಿದ್ದಾರೆ. ಆಗ ತೂತಿಗೆ ಪುಟ್ಟದೊಂದು ತಗಡಿನ ಬಾಗಿಲು ನೇತು ಹಾಕುತ್ತಾನೆ. ಅದು ಒಳಗಿನಿಂದ ತಲೆಯಲ್ಲಿ ದೂಡಿದರೆ ತೆರೆಯುತ್ತದೆ, ಹೊರಗಿನಿಂದ ಎಷ್ಟು ಕೆರೆದರೂ ತೆರೆಯುವುದಿಲ್ಲ. ಮೇವು ಹುಡುಕಿಕೊಂಡು ಹೋದದ್ದು ಹೊರಗೇ ಉಳಿಯುತ್ತದೆ.

ಆದರೆ ಚಳಿಗಾಲ ಮುಗಿಯುವ ಹೊತ್ತಿಗೆ ಅಳಿಲು ಮರಿ ಹಾಕುತ್ತದೆ. ಆ ತಿಂಗಳುಗಳಲ್ಲಿ ಅಟ್ಟದ ಒಂದೊಂದು ಮೂಲೆಗೂ ಕೈ ಹಾಕಿ ನೋಡುವ ತನಕ ಅವನು ಬಾಗಿಲು ನೇತು ಹಾಕುವವನಲ್ಲ. ಮರಿ ಇದ್ದರೆ ಒಂದು ದೊಡ್ಡ ದೀಪ ಉರಿಸಿಟ್ಟು, ಹಾಕಿ ಪಂದ್ಯ ಸೋತಾಗ ಜನ ಫೋನ್ ಮಾಡಿ ಬೈಯುವ ರೇಡಿಯೋ ಸ್ಟೇಷನ್ ಹಚ್ಚಿಟ್ಟು ಬರುತ್ತಾನೆ. "ಅಷ್ಟು ಬೈಗುಳ ಕೇಳಿದ್ರೆ ಮರ್ಯಾದಸ್ತ ತಾಯಿ ಯಾವಳೂ ಮಕ್ಕಳನ್ನ ಅಲ್ಲಿ ಇಟ್ಕೊಳಲ್ಲ ಗ್ವೆನ್. ಎತ್ಕೊಂಡು ಬೇರೆ ಮನೆ ನೋಡ್ತಾಳೆ," ಎಂದು ನನಗೆ ಹೇಳಿದ್ದ. ನಿಜಕ್ಕೂ ಒಂದೆರಡು ದಿನದಲ್ಲಿ ತಾಯಿ ಮರಿಗಳನ್ನು ಒಂದೊಂದಾಗಿ ಬಾಯಲ್ಲಿ ಕಚ್ಚಿಕೊಂಡು ಹೊರಟುಬಿಡುತ್ತಿತ್ತು.

ಬೋನು ಬಿಟ್ಟದ್ದು ಯಾಕೆಂದು ಅವನು ನನಗೆ ಒಮ್ಮೆ ಮಾತ್ರ ಹೇಳಿದ್ದಾನೆ, ಅದೂ ನನ್ನ ಗ್ಯಾರೇಜಿನ ಬಾಗಿಲಿಗೆ ಎಣ್ಣೆ ಬಿಡುತ್ತ, ಮುಖ ಆ ಕಡೆ ಮಾಡಿಕೊಂಡು. ಮದುವೆಯಾದ ಎರಡನೆಯ ವರ್ಷ, ರೈಲು ಹಳಿಯ ಆಚೆ ಬಾಡಿಗೆ ಮನೆ. ಅಟ್ಟದಲ್ಲಿದ್ದ ಅಳಿಲನ್ನು ಬೋನಿಗೆ ಬೀಳಿಸಿ, ಗುಡ್ಡ ಹತ್ತಿಸಿ, ಊರಾಚೆಯ ಕಾಡಲ್ಲಿ ಬಿಟ್ಟು ಶಿಳ್ಳೆ ಹೊಡೆಯುತ್ತ ಬಂದಿದ್ದ. ಆಮೇಲೆ ಮೂರು ದಿನ ಮಲಗುವ ಕೋಣೆಯ ಗೋಡೆಯಿಂದ ಸಣ್ಣಗೆ, ಸೀಟಿಯಂಥ ಸದ್ದು. ನೀರಿನ ಪೈಪು ಎಂದುಕೊಂಡ. ನಾಲ್ಕನೆಯ ದಿನ ಸದ್ದು ನಿಂತಿತು. ವಾರ ಕಳೆದು ವಾಸನೆ ಬಂತು. ಗೋಡೆ ಒಡೆದು ತೆಗೆದದ್ದು ಅವನೇ.

"ಮೂರು ದಿನ ಗ್ವೆನ್. ಅದರ ಕೆಳಗೇ ಮಲಗಿದ್ದೆ," ಎಂದು ಹೇಳಿ ಎಣ್ಣೆಯ ಡಬ್ಬಿ ಮುಚ್ಚಿದ. ಇಲ್ಲಿಯವರೆಗೆ ಎಷ್ಟು ಅಟ್ಟ ಹತ್ತಿದ್ದಾನೋ, ಪ್ರತಿ ಸಲವೂ ಆ ಗೋಡೆಯ ಹತ್ತಿರಕ್ಕೇ ಹೋಗುತ್ತಿದ್ದನೆಂದು ನನಗೆ ಅನಿಸುತ್ತದೆ.

ಹೋದ ಅಕ್ಟೋಬರಿನಲ್ಲಿ ಏಣಿಯಿಂದ ಬಿದ್ದ. ಬಲ ಹೆಗಲಿನ ಎಲುಬು ಮುರಿಯಿತು. ಕೂಡಿಕೊಂಡರೂ ಆ ಕೈ ಕಿವಿಯ ಮಟ್ಟಕ್ಕಿಂತ ಮೇಲೆ ಏಳದಂತಾಯಿತು. ಅವನ ಹೆಂಡತಿ ಮೈರ್ನಾ ಮರುದಿನವೇ ಏಣಿಯನ್ನು ನನ್ನ ಗ್ಯಾರೇಜಿಗೆ ತಂದು ಸರಪಳಿ ಹಾಕಿ ಬೀಗ ಜಡಿದಳು. ಬೀಗದ ಕೈ ಅವಳ ಕೊರಳಲ್ಲಿ, ಶಿಲುಬೆಯ ಪಕ್ಕದಲ್ಲಿ.

"ಎಪ್ಪತ್ತೊಂದಾಯ್ತು ನಿಂಗೆ. ಇನ್ಮೇಲೆ ಅಳಿಲುಗಳಿಗೆ ದೇವರೇ ದಿಕ್ಕು," ಎಂದಳು.

ಅವನು ಆ ಚಳಿಗಾಲವಿಡೀ ಮನೆಯೊಳಗೆ ಬಾಗಿಲಿಂದ ಕಿಟಕಿಗೆ, ಕಿಟಕಿಯಿಂದ ಬಾಗಿಲಿಗೆ ನಡೆದ. ನನಗೆ ಗೋಡೆಯಾಚೆಯಿಂದಲೇ ಕೇಳಿಸುತ್ತಿತ್ತು.

ಮಾರ್ಚಿನಲ್ಲಿ ಅಳಿಲು ಬಂದು ಸೇರಿಕೊಂಡದ್ದು ಅವನದೇ ಅಟ್ಟಕ್ಕೆ. ಊರಿಗೆಲ್ಲ ಉಪದೇಶ ಮಾಡುವವನ ಮನೆಗೇ ಬಂತಲ್ಲ ಎಂದು ನಾನು ನಕ್ಕೆ. ಮೈರ್ನಾ ನಗಲಿಲ್ಲ. ಅದು ಅವಳು ಪಿಸಾಂಕಿ ಮಾಡುವ ಸಮಯ. ಈಸ್ಟರಿಗೆ ಮುಂಚಿನ ಆರು ವಾರ, ಮೇಲಿನ ಹಿಂಬದಿಯ ಕೋಣೆಯಲ್ಲಿ ಕೂತು ಕೋಳಿಮೊಟ್ಟೆಗಳ ಮೇಲೆ ಬಿಸಿ ಮೇಣದಿಂದ ಕೂದಲೆಳೆಯ ಗೆರೆ ಎಳೆಯುತ್ತಾಳೆ, ಬಣ್ಣದಲ್ಲಿ ಅದ್ದುತ್ತಾಳೆ, ಮತ್ತೆ ಗೆರೆ, ಮತ್ತೆ ಬಣ್ಣ. ಅವಳ ಅಮ್ಮ, ಅಜ್ಜಿ ಮಾಡಿದ್ದೂ ಹಾಗೆಯೇ. ಒಂದು ಗೆರೆ ತಪ್ಪಿದರೆ ಅಳಿಸುವಂತಿಲ್ಲ. ಚರ್ಚಿಗೆ ಅರವತ್ತು ಮೊಟ್ಟೆ ಕೊಡಬೇಕು, ಕೋಣೆಯ ಮೇಲೇ ಅಟ್ಟ. ಮೇಲೆ ಧಡ್ ಎಂದರೆ ಕೆಳಗೆ ಮೇಣದ ಕಡ್ಡಿ ಜಾರುತ್ತಿತ್ತು.

ಹನ್ನೊಂದನೆಯ ಮೊಟ್ಟೆ ಕೆಟ್ಟ ದಿನ ಅವಳು ಅದನ್ನು ತಂದು ಅವನ ಮುಂದಿಟ್ಟಳು. ನಾನೂ ಅಲ್ಲೇ ಇದ್ದೆ.

"ನೋಡು. ನಿನ್ನ ನೆಂಟರ ಕೆಲಸ."

"ಎರಡು ವಾರ ಕೊಡು ಮೈರ್ನಾ. ಮರಿ ಇರ್ಬಹುದು. ದೀಪ ಇಟ್ಟು ರೇಡಿಯೋ ಹಚ್ತೀನಿ."

"ನನ್ನ ತಲೆ ಮೇಲೆ ರೇಡಿಯೋ? ಅದೂ ಆ ಬೈಗುಳದ್ದು?"

"ಸಣ್ಣಗೆ ಇಡ್ತೀನಿ."

"ಭಾನುವಾರದ ಒಳಗೆ ಅದು ಹೋಗ್ಬೇಕು. ಇಲ್ದಿದ್ರೆ ಸೋಮವಾರ ಬೋನಿನವನಿಗೆ ಫೋನ್ ಮಾಡ್ತೀನಿ. ಪೇಪರಲ್ಲಿ ನಂಬರ್ ಕೊಟ್ಟಿದ್ದಾನೆ."

ಬೊಹ್ದಾನ್ ಮೇಜಿನ ಕಾಲು ಅಲ್ಲಾಡುತ್ತದೆಯೇ ಎಂದು ಬಗ್ಗಿ ನೋಡಿದ. ಮೈರ್ನಾ ಕೊರಳಿಂದ ಬೀಗದ ಕೈ ತೆಗೆದು ನನ್ನ ಕೈಗೆ ಕೊಟ್ಟಳು. "ಏಣಿ ನೀನು ಹಿಡ್ಕೋ. ಹಿಡಿಯದೆ ಅವನನ್ನ ಹತ್ತಿಸ್ಬೇಡ," ಎಂದಳು.

ತೂತಿಗೆ ತುರುಕಿದ ಪತ್ರಿಕೆ ಮರುದಿನವೇ ಮಾಯವಾಗಿತ್ತು. ಗುರುವಾರ ಬೆಳಿಗ್ಗೆ ಮೈರ್ನಾ ಎಂದಿನಂತೆ ಪೆರೋಗಿ ಮಾಡಲು ಚರ್ಚಿನ ಹಾಲ್‌ಗೆ ಹೋದಳು. ಅಲ್ಲಿ ಇಪ್ಪತ್ತು ಹೆಂಗಸರು ಸೇರಿ ಹಿಟ್ಟಿನ ಹಾಳೆಯಲ್ಲಿ ಆಲೂಗಡ್ಡೆ ಇಟ್ಟು ಅಂಚು ಚಿವುಟುತ್ತಾರೆ, ಜೊತೆಗೆ ಊರವರನ್ನೂ. ಅವಳು ಹೋದ ಮೇಲೆ ಬೊಹ್ದಾನ್ ಅಟ್ಟಕ್ಕೆ ಹತ್ತಿದ. ಅರ್ಧ ಗಂಟೆಯ ನಂತರ ಕೆಳಗಿಳಿದು, ಚಳಿ ತಡೆಯಲೆಂದು ಅಟ್ಟಕ್ಕೆ ಹಾಸಿದ ಗುಲಾಬಿ ಹತ್ತಿಯನ್ನು ಮೈಯಿಂದ ಕೊಡವಿಕೊಳ್ಳುತ್ತ, "ಯಾರೂ ಇಲ್ಲ. ಒಂಟಿ ಗಂಡು ಅನ್ಸುತ್ತೆ. ಬಾ, ಏಣಿ ಹಿಡಿ," ಎಂದ.

"ಕೊನೇ ಮೂಲೆಗೂ ಕೈ ಹಾಕಿ ನೋಡ್ದ್ಯಾ?"

"ನೋಡ್ದೆ ಅಂದೆನಲ್ಲ."

ಹಾಗೆ ಅಂದಿರಲಿಲ್ಲ. ನನಗೆ ಅನುಮಾನ ಬರಬೇಕಿತ್ತು, ಬರಲಿಲ್ಲ. ಅವನು ಎಡಗೈಯಲ್ಲೇ ಒದ್ದಾಡಿಕೊಂಡು ಬಾಗಿಲು ನೇತು ಹಾಕಿದ. ಸ್ವಲ್ಪ ಹೊತ್ತಿಗೆ ಅಳಿಲು ತಗಡು ದೂಡಿಕೊಂಡು ಹೊರಗೆ ಬಂತು, ವಿದ್ಯುತ್ ತಂತಿಯ ಮೇಲೆ ಓಡಿ ಮೇಪಲ್ ಮರ ಸೇರಿತು. ಬೊಹ್ದಾನ್ ಕೈ ಒರೆಸಿಕೊಂಡ. ಇಬ್ಬರೂ ನಮ್ಮ ಮನೆಗೆ ಬಂದೆವು, ಅವನು ಆಗಲೇ ಬಿಗಿಯಾಗಿದ್ದ ತಿರುಪೊಂದನ್ನು ಮತ್ತೆ ಬಿಗಿ ಮಾಡಿದ.

ಹನ್ನೊಂದು ಗಂಟೆಗೆ ಕಿಟಕಿಯಾಚೆ ಪರಪರ ಸದ್ದು. ಅಳಿಲು ಮರಳಿ ಬಂದಿತ್ತು. ತಗಡಿನ ಬಾಗಿಲನ್ನು ಉಗುರಲ್ಲಿ ಕೆರೆಯಿತು, ಕಚ್ಚಿತು, ಸೂರಿನ ಈ ತುದಿಯಿಂದ ಆ ತುದಿಗೆ ಓಡಿತು, ಮರದ ಹಲಗೆಗೆ ಹಲ್ಲು ಹಾಕಿ ಸಿಬಿರು ಸಿಬಿರಾಗಿ ಕಿತ್ತಿತು. ತಲೆಕೆಳಗಾಗಿ ಜೋತುಬಿದ್ದು ಮತ್ತೆ ಅದೇ ತಗಡಿಗೆ ಬಂತು. ಬಾಯಿ ಕೆಂಪಾಗಿತ್ತು. ಹೊಟ್ಟೆ ನಮ್ಮ ಕಡೆ ತಿರುಗಿದಾಗ ಊದಿದ ಮೊಲೆತೊಟ್ಟುಗಳು ನನ್ನ ಕಣ್ಣಿಗೇ ಕಂಡವು.

"ಬೊಹ್ದಾನ್, ಅದು ಗಂಡಲ್ಲ," ಎಂದೆ.

ಅವನು ಆಗಲೇ ಬಾಗಿಲು ದಾಟಿದ್ದ. ನಾನು ಏಣಿ ಹಿಡಿಯುವಷ್ಟರಲ್ಲಿ ಅರ್ಧ ಹತ್ತಿದ್ದ. ತಗಡನ್ನು ಕಿತ್ತು ಅಂಗಳಕ್ಕೆ ಎಸೆದ. ಆದರೆ ಅವನನ್ನು ಅಷ್ಟು ಹತ್ತಿರ ಕಂಡು ತಾಯಿ ಅಳಿಲು ತಂತಿಗೆ ಹಾರಿ, ಬೀದಿ ದಾಟಿ ಎಲ್ಲಿಗೋ ಹೋಗಿಬಿಟ್ಟಿತು. ತೂತು ತೆರೆದಿತ್ತು, ಒಳಗೆ ಹೋಗುವವಳು ಇರಲಿಲ್ಲ.

ಹನ್ನೆರಡಾಯಿತು. ಬರಲಿಲ್ಲ. ಸರೋವರದ ಕಡೆಯಿಂದ ಮೂಳೆ ಕೊರೆಯುವ ಗಾಳಿ. ಬೊಹ್ದಾನ್ ಅಂಗಳದಲ್ಲಿ ಸುತ್ತು ಹಾಕುತ್ತಲೇ ಇದ್ದ. ಅಷ್ಟರಲ್ಲಿ ಮೈರ್ನಾ ಕೋಟಿನ ತೋಳಿಗೆಲ್ಲ ಹಿಟ್ಟು ಮೆತ್ತಿಕೊಂಡು ಬಂದಳು. ಬಿದ್ದಿದ್ದ ತಗಡನ್ನು ನೋಡಿದಳು, ಗಂಡನ ಮುಖ ನೋಡಿದಳು, ನೇರ ಮಹಡಿ ಹತ್ತಿದಳು. ನಾವು ಹಿಂದೆಯೇ ಹೋದೆವು.

ಅವಳ ಮೊಟ್ಟೆಗಳ ಕೋಣೆಯಲ್ಲಿ ನಿಂತರೆ ಸ್ಪಷ್ಟವಾಗಿ ಕೇಳುತ್ತಿತ್ತು. ಚಾವಣಿಯ ಮೂಲೆಯಿಂದ ಸಣ್ಣಗೆ, ಸೀಟಿಯಂಥ ಸದ್ದು. ಬರುತ್ತಿತ್ತು, ನಿಲ್ಲುತ್ತಿತ್ತು, ಮತ್ತೆ ಬರುತ್ತಿತ್ತು.

ಬೊಹ್ದಾನ್ ಗೋಡೆ ಹಿಡಿದುಕೊಂಡ. "ಕೊನೇ ಮೂಲೆಗೆ ಕೈ ಹೋಗ್ಲಿಲ್ಲ," ಎಂದ. "ಹೆಗಲು ಏಳ್ಲಿಲ್ಲ. ಏನಿರುತ್ತೆ ಅಲ್ಲಿ, ಏನೂ ಇರಲ್ಲ ಅಂದ್ಕೊಂಡೆ."

ನನಗೆ ಅವನ ಮೇಲೆ ಸಿಟ್ಟು ಬಂತು, ಆಮೇಲೆ ಅಯ್ಯೋ ಅನಿಸಿತು. ಮೈರ್ನಾ ಕೋಟು ಕಳಚಿ ಕುರ್ಚಿಯ ಮೇಲೆ ಎಸೆದಳು.

"ಈಗ ಏನ್ ಮಾಡ್ಬೇಕು, ಅದು ಹೇಳು."

"ಅವಳು ಬರೋ ತನಕ ಇವು ತಡ್ಕೊಳಲ್ಲ, ಆರಿ ಹೋಗ್ತಾವೆ. ಹೊರಗೆ ತಗೊಂಡ್ಹೋಗಿ ಬೆಚ್ಚಗೆ ಇಡ್ಬೇಕು. ತೂತಿನ ಪಕ್ಕ, ವರಾಂಡದ ಮಾಡಿನ ಮೇಲೆ. ಅವುಗಳ ಕೂಗು ಅಲ್ಲಿಂದಾದ್ರೆ ಅವಳಿಗೆ ಕೇಳುತ್ತೆ."

"ಯಾರು ತೆಗೀತಾರೆ?"

ಅವನಿಗೆ ಕೈ ಏಳುವುದಿಲ್ಲ. ನಾನು ಇಪ್ಪತ್ತಾರು ವರ್ಷ ಬಸ್ಸಿನ ಸೀಟಲ್ಲಿ ಕೂತು ಬೆಳೆಸಿಕೊಂಡ ಮೈಯವಳು, ಅಟ್ಟದ ಬಾಯಲ್ಲೇ ಸಿಕ್ಕಿಕೊಳ್ಳುತ್ತೇನೆ. ಮೈರ್ನಾ ನಮ್ಮಿಬ್ಬರನ್ನೂ ಮೇಲಿಂದ ಕೆಳಗೆ ನೋಡಿ, "ಗೊತ್ತಾಯ್ತು ಬಿಡಿ," ಎಂದು ಗಂಡನ ದಪ್ಪ ಕೈಗವಸು ತೊಟ್ಟುಕೊಂಡಳು.

ಇಷ್ಟು ವರ್ಷದಲ್ಲಿ ಒಮ್ಮೆಯೂ ಅಟ್ಟಕ್ಕೆ ಹತ್ತದವಳು ಅವಳು. ಬೊಹ್ದಾನ್ ಟಾರ್ಚ್ ಹಿಡಿದು ಅವಳ ಹಿಂದೆ ಮಂಡಿಯೂರಿದ. ನಾನು ಮಡಚುವ ಏಣಿಯ ಮೇಲೆ ನಿಂತು ತಲೆಯಷ್ಟನ್ನು ಒಳಗೆ ಹಾಕಿದೆ. ಸೂರು ಇಳಿದು ಬರುವ ಮೂಲೆಗೆ ಅವಳು ಹೊಟ್ಟೆಯ ಮೇಲೆ ತೆವಳಿ, ಬರೀ ಕಾಲು ಕಾಣುವಷ್ಟು ಒಳಗೆ ಹೋದಳು.

"ಸಿಕ್ತು. ಬೆಚ್ಚಗಿದೆ. ಅಯ್ಯೋ, ಇದಕ್ಕೆ ಕಣ್ಣೇ ಬಿಟ್ಟಿಲ್ಲ."

ಗೂಡಿಗೆ ಹಾಸಿದ್ದು ಬೊಹ್ದಾನ್ ತುರುಕಿದ್ದ ಪತ್ರಿಕೆಯನ್ನೇ. ಅದರೊಳಗಿಂದ ಒಂದು, ಎರಡು, ಮೂರು, ನಾಲ್ಕು. ಹೆಬ್ಬೆರಳಿಗಿಂತ ಕೊಂಚ ದೊಡ್ಡ ಬೂದು ಜೀವಗಳು ಕೈಯಿಂದ ಕೈಗೆ ಬಂದವು. ಚರ್ಚಿಗೆ ಮೊಟ್ಟೆ ಕಳಿಸಲು ಇಟ್ಟಿದ್ದ ರಟ್ಟಿನ ಪೆಟ್ಟಿಗೆಗೆ ಅವನ್ನು ಹಾಕಿ, ಕಾಲುಚೀಲದಲ್ಲಿ ಅಕ್ಕಿ ತುಂಬಿ ಮೈಕ್ರೋವೇವಿನಲ್ಲಿ ಬಿಸಿ ಮಾಡಿ ಪಕ್ಕಕ್ಕಿಟ್ಟೆವು. ಬೊಹ್ದಾನ್ ಪೆಟ್ಟಿಗೆಯನ್ನು ವರಾಂಡದ ಮಾಡಿನ ಮೇಲೆ ಇಟ್ಟು ಇಳಿದ. ಏಣಿ ತೆಗೆದು, ಮೂವರೂ ನನ್ನ ಅಡುಗೆಮನೆಯ ಕಿಟಕಿಯ ಹಿಂದೆ ನಿಂತೆವು.

ಒಂದೂವರೆ. ಎರಡು. ಬೊಹ್ದಾನ್ ನೆಲ ಸವೆಯುವಂತೆ ನಡೆದ. ಮೈರ್ನಾ ಉಗುರಿನ ಸಂದಿಯ ಹಿಟ್ಟು ಕೆರೆಯುತ್ತಲೇ ಇದ್ದಳು. ನಾನು ಮಾಡಿದ ಕಾಫಿಯನ್ನು ಯಾರೂ ಮುಟ್ಟಲಿಲ್ಲ, ನಾನೂ.

ಎರಡೂಕಾಲಿಗೆ ತಂತಿಯ ಮೇಲೆ ಕಪ್ಪಗೆ ಏನೋ ಕಂಡಿತು. ಬಂತು, ನಿಂತಿತು, ಹಿಂದಕ್ಕೆ ಓಡಿತು, ಮತ್ತೆ ಬಂತು. ಪೆಟ್ಟಿಗೆಯೊಳಗೆ ತಲೆ ಹಾಕಿತು. ಹೊರಬಂದಾಗ ಬಾಯಲ್ಲಿ ಮರಿ ಇತ್ತು. ತಂತಿಯ ಮೇಲೆ ಓಡಿ ಮೇಪಲ್ ಮರದ ಪೊಟರೆ ಸೇರಿತು.

"ಒಂದು," ಎಂದ ಬೊಹ್ದಾನ್.

ನಾಲ್ಕು ಸಲ ಬಂತು, ನಾಲ್ಕನ್ನೂ ಒಯ್ದಿತು. ನಾನು ಉಸಿರು ಬಿಟ್ಟು ತಣ್ಣಗಾದ ಕಾಫಿಗೆ ಕೈ ಚಾಚಿದೆ. ಅಷ್ಟರಲ್ಲಿ ಅಳಿಲು ಮತ್ತೆ ಬಂದು ಖಾಲಿ ಪೆಟ್ಟಿಗೆಗೆ ಇಣುಕಿ ಹೋಯಿತು.

"ಒಂದ್ ಸಲ ಎಲ್ಲಾ ತಾಯಂದಿರೂ ಬರ್ತಾರೆ," ಎಂದ ಅವನು. "ಯಾವುದೂ ಉಳಿದಿಲ್ಲ ತಾನೆ ಅಂತ ನೋಡ್ಕೊಳಕ್ಕೆ."

ಅದು ಎರಡನೆಯ ಸಲ ಬಂತು. ಪೆಟ್ಟಿಗೆಯೊಳಗೆ ಇಡೀ ಇಳಿದು, ಕಾಲುಚೀಲವನ್ನು ಎಳೆದು ಹೊರಗೆ ಹಾಕಿತು. ಮೂರನೆಯ ಸಲ ಪೆಟ್ಟಿಗೆಯ ಅಂಚಿನಲ್ಲಿ ಕೂತು ಸೂರಿನ ಕಡೆ ನೋಡಿತು.

ಬೊಹ್ದಾನ್ ನಿಂತುಬಿಟ್ಟ. "ಲೆಕ್ಕ ತಪ್ಪಿದೆ," ಎಂದ.

ಮೈರ್ನಾ ಆಗಲೇ ಹೊರಟಿದ್ದಳು. ಈ ಸಲ ಕೈಗವಸನ್ನೂ ಹಾಕಿಕೊಳ್ಳಲಿಲ್ಲ. ಅಟ್ಟದಲ್ಲಿ ಸದ್ದೇ ಇರಲಿಲ್ಲ, ಅದೇ ಹೆದರಿಕೆ ಹುಟ್ಟಿಸಿತು. ಅವಳು ಮೂಲೆಗೆ ತೆವಳಿದಳು. ಬೊಹ್ದಾನ್ ಟಾರ್ಚನ್ನು ಎಡಗೈಯಲ್ಲಿ ಹಿಡಿದು, ನೋಯುವ ಬಲಗೈಯನ್ನು ಅವಳ ಹಿಮ್ಮಡಿಯ ಮೇಲಿಟ್ಟಿದ್ದ. ಗುಲಾಬಿ ಹತ್ತಿಯನ್ನು ಕೆದರುವ ಸದ್ದು ಬಹಳ ಹೊತ್ತು ಕೇಳಿಸಿತು. ಆಮೇಲೆ ಅದೂ ನಿಂತಿತು.

"ಬೊಹ್ದಾನ್." ಅವಳ ಮುಖ ಕಾಣುತ್ತಿರಲಿಲ್ಲ. "ಹಳೇ ಮನೇಲಿ, ಆವತ್ತು. ಅದು ಪೈಪಲ್ಲ ಅಂತ ನಂಗೆ ಗೊತ್ತಿತ್ತು."

ಅವನು ಟಾರ್ಚನ್ನು ಇನ್ನೂ ಒಳಗೆ ಚಾಚಿದ.

"ಅಮ್ಮ ಕಸೂತಿ ಹಾಕಿ ಕೊಟ್ಟಿದ್ದ ಮದುವೆ ಬಟ್ಟೇನ ಆ ಅಳಿಲು ಹರಿದು ಗೂಡು ಮಾಡ್ಕೊಂಡಿತ್ತಲ್ಲ, ಅದರ ಸಿಟ್ಟು. ಹಾಗೇ ಆಗ್ಲಿ ಅಂತ ಇದ್ದೆ. ಮೂರು ದಿನಾನೂ ಗೊತ್ತಿತ್ತು. ನೀನು ಗೋಡೆ ಒಡೆದು ಅತ್ತಾಗ್ಲೂ ಹೇಳ್ಲಿಲ್ಲ. ಆಮೇಲೆ ನೀನು ಊರವರ ಅಟ್ಟ ಎಲ್ಲಾ ಹತ್ತಕ್ಕೆ ಶುರು ಮಾಡ್ದೆ. ಆಗಂತೂ ಹೇಗೆ ಹೇಳ್ಲಿ."

ನನಗೆ ಅಲ್ಲಿಂದ ಇಳಿದುಹೋಗಬೇಕು ಅನಿಸಿತು. ಇಳಿದರೆ ಏಣಿ ಕಿರುಗುಟ್ಟುತ್ತದೆ. ಹಾಗಾಗಿ ಅಲ್ಲೇ ನಿಂತೆ. ಅವನ ಬಲಗೈ ಅವಳ ಹಿಮ್ಮಡಿಯ ಮೇಲೆ ಇದ್ದಲ್ಲೇ ಇತ್ತು.

"ಇನ್ನೂ ಸ್ವಲ್ಪ ಎಡಕ್ಕೆ ಕೈ ಹಾಕು," ಎಂದ ಕೊನೆಗೆ. "ತೊಲೆ ಸಂದೀಲಿ ನೋಡು. ಅಲ್ಲಿ ಜಾರಿರುತ್ತೆ."

ಅಲ್ಲೇ ಇತ್ತು. ಅವಳು ಹಿಂದಕ್ಕೆ ತೆವಳಿ ಬಂದಾಗ ಕೂದಲ ತುಂಬ ಹತ್ತಿ, ಮೊಣಕೈ ತರಚಿತ್ತು. ಅಂಗೈಯಲ್ಲಿದ್ದ ಮರಿ ತಣ್ಣಗಿತ್ತು, ಮುಟ್ಟಿದರೂ ಮಿಸುಕಲಿಲ್ಲ. ಅವಳು ಅದನ್ನು ರವಿಕೆಯೊಳಗೆ, ಎದೆಗೆ ತಾಗಿಸಿ ಇಟ್ಟುಕೊಂಡು, ಬಣ್ಣದ ಬಟ್ಟಲುಗಳ ನಡುವೆ ನೆಲದ ಮೇಲೇ ಕೂತಳು. ಬೊಹ್ದಾನ್ ಕಿಟಕಿಗೆ ಹೋದ, ಬಂದ. ಮತ್ತೆ ಹೋದ. "ಉಜ್ಜಬೇಡ, ಹಾಗೇ ಇಟ್ಕೋ," ಎಂದ. ಹತ್ತು ನಿಮಿಷ ಕಳೆಯಿತೋ ಇಪ್ಪತ್ತೋ.

"ಕೆರೀತಿದೆ," ಎಂದಳು ಮೈರ್ನಾ. "ಉಗುರು ಚುಚ್ತಿದೆ." ಅವಳ ಕಣ್ಣಲ್ಲಿ ನೀರು ಸುರಿಯುತ್ತಿತ್ತು, ಒರೆಸಿಕೊಳ್ಳಲಿಲ್ಲ.

ಅಕ್ಕಿಯ ಕಾಲುಚೀಲ ಮತ್ತೆ ಬಿಸಿಯಾಯಿತು. ಮರಿ ಪೆಟ್ಟಿಗೆ ಸೇರಿತು. ಈಗ ಕಿಟಕಿಯ ಹಿಂದೆ ನಿಲ್ಲುವ ತಾಳ್ಮೆ ಯಾರಿಗೂ ಇರಲಿಲ್ಲ. ಅಂಗಳದ ಆಚೆ ತುದಿಯಲ್ಲಿ ನನ್ನ ಗ್ಯಾರೇಜಿನ ಮೆಟ್ಟಿಲಿದೆ. ಅಲ್ಲಿಂದಲೇ ನೋಡಿದೆವು. ತಾಯಿ ಹೆಚ್ಚು ಹೊತ್ತು ಕಾಯಿಸಲಿಲ್ಲ. ನೆಟ್ಟಗೆ ಪೆಟ್ಟಿಗೆಗೆ ಬಂದು, ಐದನೆಯದನ್ನು ಕಚ್ಚಿಕೊಂಡು ಹೋಯಿತು.

ಮೈರ್ನಾ ಒದ್ದೆ ಮೆಟ್ಟಿಲ ಮೇಲೆ ಕುಸಿದು ಕೂತಳು. ಬೊಹ್ದಾನ್ ನಿಂತೇ ಇದ್ದ. ಅಂಗಳದಲ್ಲಿ ಬಿದ್ದಿದ್ದ ತಗಡಿನ ಬಾಗಿಲನ್ನು ಎತ್ತಿಡಲು ಹೊರಡುತ್ತಾನೆಂದು ನಾನು ಅಂದುಕೊಂಡೆ. ಅವನು ಹೊರಡಲಿಲ್ಲ. ಅವಳ ಕೂದಲಿಂದ ಗುಲಾಬಿ ಹತ್ತಿಯ ಎಳೆಯೊಂದನ್ನು ತೆಗೆದ. ಆಮೇಲೆ ಎಡಗೈ ಊರಿ ನಿಧಾನವಾಗಿ ಅವಳ ಪಕ್ಕದಲ್ಲಿ ಕೂತ.

"ಇಷ್ಟು ವರ್ಷ," ಎಂದ.

"ಹ್ಞೂ."

"ನಾನೊಬ್ನೇ ಅದನ್ನ ಹೊತ್ಕೊಂಡಿದ್ದೀನಿ ಅಂದ್ಕೊಂಡಿದ್ದೆ."

ಅವಳು ತರಚಿದ ಮೊಣಕೈ ಒರೆಸಿಕೊಂಡಳು.

ಅಳಿಲು ಇನ್ನೊಮ್ಮೆ ಬಂತು. ಖಾಲಿ ಪೆಟ್ಟಿಗೆಗೆ ಇಣುಕಿ ನೋಡಿ ಹೋಯಿತು. ಎರಡನೆಯ ಸಲ ಬರುತ್ತದೋ ಎಂದು ಮೂವರೂ ತಂತಿಯನ್ನೇ ನೋಡುತ್ತಿದ್ದೆವು. ಕಾರ್ಖಾನೆಯ ಪಾಳಿ ಬದಲಾಗುವ ಸೈರನ್ ಆಯಿತು, ಬೀದಿದೀಪ ಹತ್ತಿತು. ಅದು ಬರಲಿಲ್ಲ. ಚಳಿಗೆ ನಾನು ಎದ್ದು ಒಳಗೆ ಹೋದೆ. ಬೊಹ್ದಾನ್ ಮಾತ್ರ ಅವಳ ಪಕ್ಕದಲ್ಲಿ ಕೂತೇ ಇದ್ದ.